ಚಳಿ ಎಣಿಸುವ ಕಾಳು

ಮಗಳ ಬಾಣಂತನಕ್ಕೆಂದು ನಾರಿಚ್‌ಗೆ ಹೋಗಿ ಇಳಿದಾಗ ಸೆಪ್ಟೆಂಬರ್ ಕೊನೆಯ ವಾರ. ಇಂಗ್ಲೆಂಡಿನ ಪೂರ್ವಕ್ಕೆ, ನಾರ್ಫೋಕ್ ಸೀಮೆಯ ಮುಖ್ಯ ಊರು ಅದು. ಮಗಳ ಮನೆ ಊರ ಕೊನೆಗಿದೆ. ಅಡುಗೆಮನೆಯ ಕಿಟಕಿಯಿಂದ ನೋಡಿದರೆ ಹಿತ್ತಲು, ಹಿತ್ತಲ ಬೇಲಿ, ಬೇಲಿಯಾಚೆ ಕಣ್ಣು ಹರಿಯುವಷ್ಟು ಹೊಲ. ನಾನು ಹುಟ್ಟಿ ಬೆಳೆದದ್ದು ನವಲಗುಂದದ ಎರೆಭೂಮಿಯಲ್ಲಿ. ಮಣ್ಣು ಕಂಡಲ್ಲಿ ಒಂದು ಹಿಡಿ ಎತ್ತಿ ನೋಡದಿದ್ದರೆ ಸಮಾಧಾನವಿಲ್ಲ. ಮರುದಿನವೇ ಬೇಲಿಯ ಬಳಿ ಹೋಗಿ ಎತ್ತಿದೆ. ಕಂದು ಬಣ್ಣದ ಹಗುರ ಮಣ್ಣು. ಬೆರಳ ಸಂದಿಯಿಂದ ಸರಸರ ಇಳಿದುಹೋಯಿತು, ಅಂಗೈಯಲ್ಲಿ ಎರಡು ಚಕಮಕಿ ಕಲ್ಲಿನ ಚೂರು ಉಳಿದವು.

ಎರಡು ದಿನ ಬಿಟ್ಟು ಟ್ರ್ಯಾಕ್ಟರಿನ ಹಿಂದೆ ದೊಡ್ಡ ಕೂರಿಗೆ ಕಟ್ಟಿಕೊಂಡು ಬಿತ್ತನೆಗೆ ಬಂದರು. ಸಾಲು ತಿರುಗುವ ಜಾಗ ನಮ್ಮ ಬೇಲಿಯ ಪಕ್ಕವೇ ಇತ್ತು. ಎಪ್ಪತ್ತು ದಾಟಿದ ರೈತ. ಇಳಿದು ಕಾಲು ಸಡಿಲ ಮಾಡಿಕೊಳ್ಳುತ್ತಿದ್ದಾಗ ಏನು ಬಿತ್ತುತ್ತಿದ್ದೀರಿ ಎಂದು ಕೇಳಿದೆ. ಬಾರ್ಲಿ ಎಂದರು. ಚಳಿಗಾಲದ ಬಾರ್ಲಿ, ಮಾಲ್ಟಿಗೆ ಹೋಗುವುದು, ಮ್ಯಾರಿಸ್ ಆಟರ್ ಅಂತ ತಳಿಯ ಹೆಸರು.

ಬಾರ್ಲಿ ಎಂದರೆ ನಮ್ಮ ಜವೆಗೋಧಿ. ಬೇಸಿಗೆಯಲ್ಲಿ ಉರಿಮೂತ್ರಕ್ಕೆ ಅವ್ವ ಕುದಿಸಿ ಕೊಡುತ್ತಿದ್ದ ಬಾರ್ಲಿ ನೀರು ಬಿಟ್ಟರೆ ಆ ಕಾಳಿನ ಜೊತೆ ನನಗೆ ಹೆಚ್ಚು ಬಳಕೆ ಇರಲಿಲ್ಲ.

ಅದೇ ವಾರ ನವರಾತ್ರಿ. ಹೆರಿಗೆಗೆ ಇನ್ನೂ ಎರಡು ವಾರವಿತ್ತು, ಮನೆಯಲ್ಲಿ ಘಟ್ಟ ಹಾಕಲು ಅಡ್ಡಿ ಇರಲಿಲ್ಲ. ಬೇಲಿಯಂಚಿನ ಮಣ್ಣನ್ನೇ ಒಂದು ತಾಟಿನಲ್ಲಿ ಹರವಿ, ಅಂಗಡಿಯಿಂದ ತಂದ ಗೋಧಿ ಚೆಲ್ಲಿ, ನೀರು ಚಿಮುಕಿಸಿ ದೇವರ ಮುಂದಿಟ್ಟೆ. ಒಂಬತ್ತು ದಿನಕ್ಕೆ ತಾಟಿನಲ್ಲಿ ಗೇಣುದ್ದದ ತಿಳಿಹಳದಿ ಸಸಿ ನಿಂತಿತು. ಕಿಟಕಿಯಾಚೆಯೂ ಸಾಲುಗಳು ಹಸಿರು ದಾರ ಎಳೆದ ಹಾಗೆ ಕಾಣತೊಡಗಿದವು. ಬನ್ನಿಯ ದಿನ ನನ್ನ ಸಸಿಯನ್ನು ಕಿತ್ತು ಮಗಳ ಮುಡಿಗೆ ಸಿಕ್ಕಿಸಿದೆ. ಹೊಲದ ಸಸಿಗಳು ಹಾಗೇ ನಿಂತವು, ಅವುಗಳ ಮುಂದೆ ಇನ್ನೂ ಇಡೀ ಚಳಿಗಾಲವಿತ್ತು.

ನನಗೆ ಅರ್ಥವಾಗದ್ದು ಇದೇ. ನಮ್ಮಲ್ಲೂ ಹಿಂಗಾರಿ ಉಂಟು. ಬಿಳಿಜೋಳ, ಕಡಲೆ, ಕುಸುಬಿ ಎಲ್ಲವೂ ಚಳಿಯಲ್ಲೇ ಬೆಳೆಯುವುದು. ಆದರೆ ನಮ್ಮ ಚಳಿ ಒಂದು ಕೌದಿಯ ಚಳಿ, ಬಿಸಿಲೇರಿದರೆ ಕರಗುತ್ತದೆ. ಹಿಮ ಬೀಳುವ ನಾಡಿನಲ್ಲಿ, ಡಿಸೆಂಬರಿನಲ್ಲಿ ಹಗಲು ಎಂಟು ಗಂಟೆಯೂ ಇರದ ಕಡೆ, ಎಳೆ ಸಸಿಯನ್ನು ಬಯಲಲ್ಲಿ ನಿಲ್ಲಿಸುವುದು ಯಾಕೆ? ಫೆಬ್ರುವರಿ ಮಾರ್ಚಿನಲ್ಲಿ ಬಿತ್ತಬಹುದಲ್ಲ? ಬೇರೆ ಬಾರ್ಲಿಯಾದರೆ ಹಾಗೇ ಬಿತ್ತುತ್ತೇವೆ ಎಂದರು ಆ ರೈತರು. ಆದರೆ ಇದಕ್ಕೆ ಚಳಿ ಬೇಕು. ಚಳಿ ಕಾಣದಿದ್ದರೆ ಇದು ತೆನೆ ಹಾಯುವುದಿಲ್ಲ.

ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಕಲಿಸಿದವಳು ನಾನು. ವರ್ನಲೈಸೇಶನ್ ಎಂಬ ಪದವನ್ನು ಎಷ್ಟು ಸಲ ಕರಿಹಲಗೆಯ ಮೇಲೆ ಬರೆದಿದ್ದೇನೋ. ಎರಡು ಅಂಕದ ಪ್ರಶ್ನೆ ಅದು. ‘ಹೂ ಬಿಡಲು ಕೆಲವು ಸಸ್ಯಗಳಿಗೆ ಬೇಕಾಗುವ ಶೀತಾವಧಿ’ ಎಂದು ಬರೆದರೆ ಪೂರ್ತಿ ಅಂಕ. ಆ ಎರಡು ಅಂಕದ ಉತ್ತರ ಬೇಲಿಯಾಚೆ ಎಕರೆಗಟ್ಟಲೆ ಹಬ್ಬಿ ನಿಂತಿದ್ದನ್ನು ನೋಡಿದ್ದು ಆವತ್ತೇ ಮೊದಲು. ಪಾಠ ಹೇಳುವಾಗ ಹುಟ್ಟದ ಬೆರಗು ಆಗ ಹುಟ್ಟಿತು.

ಈ ಬೀಜವನ್ನು ನವಲಗುಂದಕ್ಕೆ ಒಯ್ದು ಬಿತ್ತಿದರೆ ಏನಾದೀತು? ಮೊಳೆಯುತ್ತದೆ, ಚೆನ್ನಾಗಿಯೇ ಮೊಳೆಯುತ್ತದೆ. ಎಲೆ ಬಿಡುತ್ತದೆ, ಬುಡದಲ್ಲಿ ತೆಂಡೆ ಒಡೆಯುತ್ತದೆ, ಮತ್ತೆ ಎಲೆ, ಮತ್ತೆ ತೆಂಡೆ. ಹುಲ್ಲಾಗಿ ಹಬ್ಬುತ್ತದೆ, ತೆನೆ ಮಾತ್ರ ಇಲ್ಲ. ಅದು ಕಾಯುತ್ತಿರುವ ಚಳಿ ಅಲ್ಲಿಗೆ ಬರುವುದೇ ಇಲ್ಲ. ರಾಜಸ್ಥಾನ, ಉತ್ತರಪ್ರದೇಶಗಳಲ್ಲಿ ನವೆಂಬರಿನಲ್ಲಿ ಬಿತ್ತುವ ಬಾರ್ಲಿಯ ಜಾತಿ ಬೇರೆ. ಅದಕ್ಕೆ ಈ ಹಟವಿಲ್ಲ, ದಿನ ತುಂಬಿದರೆ ತೆನೆ ಕೊಡುತ್ತದೆ.

ಹಟ ಎಂದೆ, ಆದರೆ ಇದು ಲೆಕ್ಕ. ಸೊನ್ನೆಯಿಂದ ಹತ್ತು ಡಿಗ್ರಿಯೊಳಗಿನ ತಂಪು ವಾರಗಟ್ಟಲೆ ಸಿಗಬೇಕು. ಅಕ್ಟೋಬರಿನಲ್ಲಿ ಒಂದು ರಾತ್ರಿ ಗಡಗಡ ನಡುಗಿಸಿದರೆ ಸಾಲದು. ಅರೆಬರೆ ಚಳಿಯಾಗಿ ನಡುವೆ ಬಿಸಿ ದಿನಗಳು ಬಂದರೆ ಎಣಿಸಿದ್ದು ಅಳಿಸಿಯೂ ಹೋಗಬಹುದು. ಇನ್ನೊಂದು ಸಂಗತಿ ನನ್ನನ್ನು ಬಹಳ ಹೊತ್ತು ಹಿಡಿದು ನಿಲ್ಲಿಸಿತು. ಒಣ ಬೀಜವನ್ನು ಫ್ರಿಜ್ಜಿನಲ್ಲಿ ತಿಂಗಳುಗಟ್ಟಲೆ ಇಟ್ಟರೂ ಆ ಚಳಿ ಲೆಕ್ಕಕ್ಕೆ ಬರುವುದಿಲ್ಲ. ನೀರು ಕುಡಿದು ಎಚ್ಚೆತ್ತ ಬೀಜವಾಗಿರಬೇಕು. ನಿದ್ದೆಯಲ್ಲಿ ಕಳೆದ ಚಳಿಗಾಲ ಕಳೆದಂತಲ್ಲ.

ಮಿದುಳಿಲ್ಲ, ನರವಿಲ್ಲ. ಹಾಗಾದರೆ ಎಣಿಸುವವರು ಯಾರು? ಇದಕ್ಕೆ ಉತ್ತರ ಹುಡುಕಿದವರಲ್ಲಿ ದೊಡ್ಡ ಹೆಸರಾದ ಕ್ಯಾರೊಲಿನ್ ಡೀನ್ ಕೆಲಸ ಮಾಡಿದ್ದು ಇದೇ ನಾರಿಚ್‌ನ ಜಾನ್ ಇನ್ನೆಸ್ ಸೆಂಟರಿನಲ್ಲಿ. ಅವರು ನೋಡಿದ್ದು ಬಾರ್ಲಿಯನ್ನಲ್ಲ, ಸಾಸಿವೆ ಕುಲದ ಅರಾಬಿಡಾಪ್ಸಿಸ್ ಎಂಬ ಪುಟ್ಟ ಕಳೆಗಿಡವನ್ನು. ಅದರೊಳಗೆ ಹೂ ಬಿಡದಂತೆ ತಡೆಹಿಡಿಯುವ ಒಂದು ಜೀನ್ ಇದೆ. ಚಳಿ ಮುಂದುವರಿದಂತೆ ಆ ಜೀನ್ ಬಾಯಿ ಮುಚ್ಚುತ್ತದೆ. ಆದರೆ ದೀಪ ಸಣ್ಣಗಾಗುವಂತೆ ಇಡೀ ಗಿಡದಲ್ಲಿ ಮೆಲ್ಲಗೆ ಮಂಕಾಗುವುದಲ್ಲ. ಒಂದೊಂದು ಜೀವಕೋಶವೂ ತನ್ನಷ್ಟಕ್ಕೆ ತಾನೇ ತೀರ್ಮಾನಿಸುತ್ತದೆ, ಮುಚ್ಚಿದರೆ ಪೂರ್ತಿ ಮುಚ್ಚುತ್ತದೆ. ಚಳಿಯ ದಿನ ಹೆಚ್ಚಿದಷ್ಟೂ ಮುಚ್ಚಿದ ಕೋಶಗಳ ಸಂಖ್ಯೆ ಹೆಚ್ಚುತ್ತದೆ. ಊರಿನಲ್ಲಿ ಒಂದೊಂದೇ ಮನೆ ಕದ ಹಾಕಿಕೊಂಡ ಹಾಗೆ. ಎಷ್ಟು ಮನೆ ಕದ ಹಾಕಿವೆ ಎಂಬುದೇ ಚಳಿಗಾಲದ ಉದ್ದ. ಆಮೇಲೆ ವಸಂತದ ಬಿಸಿಲು ಬಂದರೂ ಹಾಕಿದ ಕದ ತೆರೆಯುವುದಿಲ್ಲ. ಆ ಕೋಶ ಒಡೆದು ಎರಡಾದರೆ ಎರಡರಲ್ಲೂ ಕದ ಮುಚ್ಚಿಯೇ ಇರುತ್ತದೆ. ನೆನಪು ಎಂದರೆ ಇದೇ ಅಲ್ಲವೇ?

ಬಾರ್ಲಿಯಲ್ಲಿ ಜೀನ್‌ಗಳು ಬೇರೆ, ದಾರಿ ಬೇರೆ. ಅಲ್ಲಿ ಚಳಿಯಿಂದ ಒಂದು ಜೀನ್ ಎಚ್ಚೆತ್ತು, ತೆನೆಗೆ ಅಡ್ಡ ನಿಂತ ಇನ್ನೊಂದನ್ನು ಸರಿಸುತ್ತದೆ. ಬೇರೆ ಬೇರೆ ಗಿಡಗಳು ಬೇರೆ ಬೇರೆ ಕಾಲಕ್ಕೆ, ಒಂದನ್ನೊಂದು ಕೇಳದೆ, ಚಳಿಯನ್ನು ನೆನಪಿಡುವ ವಿದ್ಯೆಯನ್ನು ಕಲಿತುಕೊಂಡಿವೆ.

ಅಕ್ಟೋಬರ್ ನಡುವಿಗೆ ಮೊಮ್ಮಗಳು ಹುಟ್ಟಿದಳು. ಎಣ್ಣೆ, ನೀರು, ಶಾಖ, ಅಳು, ನಿದ್ದೆಗಳ ನಡುವೆ ದಿನ ಹೋದದ್ದೇ ತಿಳಿಯಲಿಲ್ಲ. ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡು ಕಿಟಕಿಯ ಬಳಿ ಕೂತಾಗ ಮಾತ್ರ ಹೊಲ ಕಾಣುತ್ತಿತ್ತು. ಮಗಳು ಒಳಗಿನಿಂದ ಕೂಗುತ್ತಿದ್ದಳು: “ಅವ್ವಾ, ಆ ಕಿಡಕಿ ಬಾಜೂಕ ಕುಂದ್ರಬ್ಯಾಡ, ಥಂಡಿ ಬರ್ತದ. ಕೂಸಿಗೆ ಟೊಪಗಿ ಹಾಕೀ ಇಲ್ಲೋ?” ಹಾಕಿದ್ದೆ. ಎರಡೆರಡು ಹಾಕಿದ್ದೆ.

ಚಳಿಯ ನೆನಪಿನ ಈ ಕತೆಯಲ್ಲಿ ನನ್ನ ಮನಸ್ಸಿನಲ್ಲಿ ಹೆಚ್ಚು ಕೂತದ್ದು ಅದರ ಕೊನೆ. ಗಿಡ ಬೀಜ ಕಟ್ಟುವ ಹೊತ್ತಿಗೆ ಆ ನೆನಪು ಅಳಿಸಿಹೋಗುತ್ತದೆ. ತಾಯಿ ಕಂಡ ಚಳಿ ಮಗುವಿನ ಲೆಕ್ಕಕ್ಕೆ ಜಮೆ ಆಗುವುದಿಲ್ಲ. ಸಾವಿರಾರು ವರ್ಷಗಳಿಂದ ಈ ಪೈರಿನ ಒಂದೊಂದು ತಲೆಮಾರೂ ತನ್ನ ಪಾಲಿನ ಚಳಿಯನ್ನು ಮೊದಲ ದಿನದಿಂದ ಎಣಿಸಿಯೇ ತೆನೆ ಹಾಯ್ದದ್ದು.

ಈ ಒಂದು ಸಂಗತಿಯನ್ನು ಒಪ್ಪದೆ ದೊಡ್ಡ ಅನಾಹುತ ನಡೆದುಹೋಗಿದೆ. ಚಳಿಗಾಲದ ಧಾನ್ಯಕ್ಕೆ ಚಳಿ ಬೇಕು ಎಂಬುದನ್ನು ಜರ್ಮನಿಯ ಗಾಸ್ನರ್ 1918ರಲ್ಲೇ ಪ್ರಯೋಗ ಮಾಡಿ ಬರೆದಿದ್ದರು. ಹತ್ತು ವರ್ಷದ ಮೇಲೆ ಸೋವಿಯತ್ ನಾಡಿನಲ್ಲಿ ಲೈಸೆಂಕೊ ಎಂಬ ಕೃಷಿತಜ್ಞ ಅದಕ್ಕೆ ಹೊಸ ಹೆಸರು ಕೊಟ್ಟ. ನೆನೆಸಿದ ಬೀಜಕ್ಕೆ ಚಳಿ ಕೊಟ್ಟು ವಸಂತದಲ್ಲಿ ಬಿತ್ತಬಹುದು ಎಂದಷ್ಟೇ ಹೇಳಿದ್ದರೆ ಸರಿಯಿತ್ತು. ಹಾಗೆ ಪಳಗಿಸಿದ ಗಿಡದ ಗುಣ ಮಕ್ಕಳಿಗೂ ಇಳಿಯುತ್ತದೆ, ಚಳಿಗಾಲದ ಗೋಧಿಯನ್ನೇ ವಸಂತದ ಗೋಧಿಯಾಗಿ ಮಾರ್ಪಡಿಸಬಹುದು ಎಂದು ಸಾರಿದ. ಸ್ಟಾಲಿನ್ ಅದನ್ನು ನಂಬಿದ. ಅಲ್ಲ ಎಂದವರಿಗೆ ಉಳಿಗಾಲವಿರಲಿಲ್ಲ. ಜಗತ್ತನ್ನೆಲ್ಲ ಸುತ್ತಿ ಬೀಜ ಕೂಡಿಹಾಕಿದ ನಿಕೊಲಾಯ್ ವಾವಿಲೋವ್ 1940ರಲ್ಲಿ ಸೆರೆಯಾದರು, 1943ರಲ್ಲಿ ಸರಾಟೊವ್ ಜೈಲಿನಲ್ಲಿ ಹಸಿವಿನಿಂದ ತೀರಿಕೊಂಡರು. ಅದೇ ಹೊತ್ತಿಗೆ ಮುತ್ತಿಗೆಗೆ ಸಿಕ್ಕ ಲೆನಿನ್‌ಗ್ರಾಡಿನಲ್ಲಿ ಅವರ ಸಂಸ್ಥೆಯ ಜನ ಬೀಜದ ಚೀಲಗಳ ನಡುವೆ ಕೂತು, ಅವನ್ನು ಮುಟ್ಟದೆ, ಹಸಿವಿನಿಂದ ಸತ್ತರು. ಮೂವತ್ತು ವರ್ಷ ಪಾಠ ಮಾಡುವಾಗ ಇದನ್ನು ಮಕ್ಕಳಿಗೆ ಹೇಳಬೇಕಿತ್ತು, ಹೇಳಲಿಲ್ಲ. ಪಠ್ಯದಲ್ಲಿ ಇರಲಿಲ್ಲ ಎಂಬುದು ಕಾರಣವಾಗಲಾರದು.

ಡಿಸೆಂಬರಿನಲ್ಲಿ ಹೊಲ ನೋಡಿದರೆ ಹೊಟ್ಟೆ ಚುರ್ ಎನ್ನುತ್ತಿತ್ತು. ಬೆಳಗಿನ ಹೊತ್ತು ಪ್ರತಿ ಎಲೆಯ ಅಂಚಿಗೂ ಇಬ್ಬನಿ ಉಪ್ಪಿನ ಹರಳಿನ ಹಾಗೆ ಗಟ್ಟಿಯಾಗಿ ಕೂತಿರುತ್ತಿತ್ತು. ತುದಿಗಳು ಹಳದಿ, ಗಿಡಗಳು ನೆಲಕ್ಕೆ ಅಂಟಿಕೊಂಡು ಅಂಗಾತ ಬಿದ್ದಿದ್ದವು. ಸತ್ತವೇನೋ ಎಂದು ಒಂದನ್ನು ಬಗ್ಗಿ ನೋಡಿದೆ. ಬಾರ್ಲಿಯ ಎಲೆಯ ಬುಡದಲ್ಲಿ ಎರಡು ಉದ್ದನೆ ಕಿವಿಗಳಿರುತ್ತವೆ, ಗೋಧಿಯವುಗಳಿಗಿಂತ ದೊಡ್ಡವು. ಅವು ಕಾಂಡವನ್ನು ಸುತ್ತಿ ಒಂದರ ಮೇಲೊಂದು ಬರುವಂತೆ ತಬ್ಬಿಕೊಂಡಿರುತ್ತವೆ. ಅಷ್ಟು ಚಳಿಯಲ್ಲೂ ಆ ತಬ್ಬು ಸಡಿಲಾಗಿರಲಿಲ್ಲ. ಬುಡದಲ್ಲಿ ಮೂರು ಹೊಸ ತೆಂಡೆ ಬಂದಿದ್ದವು.

ಎಳ್ಳಮಾಸಿ ಬಂತು. ನಮ್ಮ ಕಡೆ ಅಂದು ಮನೆಮಂದಿಯೆಲ್ಲ ಚಕ್ಕಡಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಪೈರು ಹೊತ್ತ ಭೂಮಿಗೆ ಬಸುರಿಗೆ ಉಣಿಸುವಂತೆ ಚರಗ ಚೆಲ್ಲುತ್ತೇವೆ. ಊರಿನಿಂದ ತಮ್ಮ ವಿಡಿಯೋದಲ್ಲಿ ಜೋಳದ ಹೊಲ ತೋರಿಸಿದ, ಮೊಣಕಾಲೆತ್ತರ ದಾಟಿ ಕಪ್ಪು ಹಸಿರಾಗಿ ನಿಂತಿತ್ತು. ನಾನು ಇಲ್ಲಿ ಸಜ್ಜೆ ರೊಟ್ಟಿ, ಪುಂಡಿಪಲ್ಯ ಎಲ್ಲಿಂದ ತರಲಿ? ಮೊಸರನ್ನ ಕಲಸಿ, ಒಂದೆರಡು ಕಡುಬು ಮಾಡಿ, ಮಧ್ಯಾಹ್ನ ಬೇಲಿಯ ಬದಿಗೆ ಹೋಗಿ ಹೊಲದಂಚಿಗೆ ಒಂದು ತುತ್ತು ಹಾಕಿ ಕೈಮುಗಿದೆ. ಯಾರ ಹೊಲವೋ, ಯಾವ ನಾಡೋ. ಹೊತ್ತು ನಿಂತ ನೆಲ ಎಲ್ಲಿಯಾದರೂ ಒಂದೇ.

ಈ ತಳಿಯ ಕತೆಯನ್ನು ಆ ರೈತರೇ ಜನವರಿಯಲ್ಲಿ ಒಂದು ದಿನ ಬೇಲಿಯ ಬಳಿ ನಿಂತು ಹೇಳಿದರು. ಕೇಂಬ್ರಿಜ್ ಪಕ್ಕದ ಟ್ರಂಪಿಂಗ್ಟನ್‌ನಲ್ಲಿದ್ದ ಸಸ್ಯ ತಳಿ ಸಂಸ್ಥೆಯಲ್ಲಿ ಜಿ.ಡಿ.ಎಚ್. ಬೆಲ್ ಮತ್ತು ಅವರ ಜೊತೆಗಾರರು ಪ್ರಾಕ್ಟರ್ ಎಂಬ ವಸಂತದ ಬಾರ್ಲಿಯನ್ನೂ ಪಯೊನಿಯರ್ ಎಂಬ ಚಳಿಗಾಲದ ಬಾರ್ಲಿಯನ್ನೂ ಕೂಡಿಸಿ ಇದನ್ನು ಪಡೆದರು. ಸಂಸ್ಥೆಯಿದ್ದ ಓಣಿಯ ಹೆಸರು ಮ್ಯಾರಿಸ್ ಲೇನ್, ಅದರಿಂದ ಮ್ಯಾರಿಸ್. ಆಟರ್ ಎಂದರೆ ನೀರುನಾಯಿ. ನಮ್ಮ ತುಂಗಭದ್ರೆಯ ನೀರುನಾಯಿಗಳು ನೆನಪಾದವು.

1966ರಲ್ಲಿ ಈ ತಳಿ ರೈತರ ಕೈಗೆ ಬಂತು. 70ರ ದಶಕದಲ್ಲಿ ಇದರದೇ ಕಾಲ. ಆಮೇಲೆ ಇದಕ್ಕಿಂತ ಬಹಳ ಹೆಚ್ಚು ಇಳುವರಿ ಕೊಡುವ, ಗಿಡ್ಡ ಕಾಂಡದ ತಳಿಗಳು ಬಂದವು. ಇದರ ಕಾಂಡ ಉದ್ದ, ಜೋರು ಮಳೆಗಾಳಿಗೆ ಮಲಗಿಬಿಡುತ್ತದೆ. ದೊಡ್ಡ ಬ್ರೂವರಿಗಳು ಕೈಬಿಟ್ಟವು. 1989ರಲ್ಲಿ ಅಧಿಕೃತ ಪಟ್ಟಿಯಿಂದಲೇ ತೆಗೆದುಹಾಕಿದರು. ಅಷ್ಟು ಹೊತ್ತಿಗೆ ಮನೆಮನೆಯ ಬೀಜ ಬೆರಕೆಯಾಗಿ ತಳಿಯೇ ಕೆಟ್ಟಿತ್ತು. ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಈ ಮಾಲ್ಟಿನ ರುಚಿ ಬಿಡಲೊಲ್ಲದ ಕೆಲವು ಸಣ್ಣ ಬ್ರೂವರಿಗಳಿದ್ದವು, ನೆಲದ ಮೇಲೆ ಮಾಲ್ಟ್ ಮಾಡುವ ಹಳೇ ಕೈಗಳಿದ್ದವು. ಬ್ಯಾನಮ್, ರಾಬಿನ್ ಅಪೆಲ್ ಎಂಬ ಎರಡು ಧಾನ್ಯ ವ್ಯಾಪಾರದ ಮನೆತನಗಳು 90ರ ದಶಕದ ಮೊದಲಲ್ಲಿ ಬೀಜವನ್ನು ಮತ್ತೆ ಶುದ್ಧ ಮಾಡಿಸಿದವು, 2002ರಲ್ಲಿ ತಳಿಯ ಹಕ್ಕನ್ನೇ ಕೊಂಡುಕೊಂಡವು. ಈಗ ಇದನ್ನು ಒಪ್ಪಂದ ಮಾಡಿಕೊಂಡ ರೈತರಷ್ಟೇ ಬೆಳೆಯುತ್ತಾರೆ. ಇಳುವರಿ ಕಡಿಮೆ, ಬೆಲೆ ಹೆಚ್ಚು.

ಗೊಬ್ಬರದ ವಿಷಯ ಕೇಳಿದೆ. ಬಹಳ ಹಾಕುವ ಹಾಗಿಲ್ಲ ಎಂದರು. ಸಾರಜನಕ ಹೆಚ್ಚಾದರೆ ಕಾಳಿನಲ್ಲಿ ಪ್ರೋಟೀನ್ ಏರುತ್ತದೆ, ಪಿಷ್ಟ ಇಳಿಯುತ್ತದೆ, ಮಾಲ್ಟ್ ಮಾಡುವವರು ವಾಪಸ್ ಕಳಿಸುತ್ತಾರೆ. ಆಗ ಅದು ದನದ ಮೇವಿಗೇ ಹೋಗಬೇಕು. ನಾರ್ಫೋಕಿನ ಈ ಹಗುರ ಮಣ್ಣು, ಕಡಲ ಕಡೆಯಿಂದ ಬರುವ ತಂಪು ಗಾಳಿ ಅದಕ್ಕೆ ಸರಿಹೊಂದಿವೆ. ಕೊಂಚ ಹಸಿವಿನಲ್ಲೇ ಇಡಬೇಕಾದ ಬೆಳೆ ಇದು.

ಈ ಕಾಳು ಹೋಗುವುದು ಬಿಯರಿಗೆ. ನಾನು ಕುಡಿಯುವವಳಲ್ಲ, ಕುಡಿತದಿಂದ ಮುರಿದ ಮನೆಗಳನ್ನು ನಮ್ಮ ಓಣಿಯಲ್ಲೇ ಕಂಡವಳು. ಅದನ್ನು ಹೇಳಿಯೇ ಮುಂದಿನ ಮಾತು ಹೇಳುತ್ತೇನೆ. ಕಾಳು ಮಾಲ್ಟ್ ಆಗುವುದನ್ನು ನಾನು ನೋಡಿದ್ದು ಬ್ರೂವರಿಯಲ್ಲಲ್ಲ, ಮಗಳ ಅಡುಗೆಮನೆಯಲ್ಲಿ, ರಾಗಿಯಲ್ಲಿ.

ಮಾರ್ಚ್ ಕೊನೆಗೆ ನನ್ನ ವೀಸಾ ಮುಗಿಯುತ್ತಿತ್ತು. ನಾನು ಹೋದ ಮೇಲೆ ಮಗುವಿಗೆ ಆರು ತಿಂಗಳು ತುಂಬುತ್ತದೆ, ಬಾಯಿಗೆ ರಾಗಿ ಸರಿ ಹಚ್ಚಬೇಕು. ಹಿಟ್ಟು ಮಾಡಿಟ್ಟೇ ಹೋಗೋಣವೆಂದು ಫೆಬ್ರುವರಿಯಲ್ಲಿ ಎರಡು ಕಿಲೋ ರಾಗಿ ತರಿಸಿ, ಕಲ್ಲು ಆರಿಸಿ, ತೊಳೆದು ಒಂದು ರಾತ್ರಿ ನೆನೆಸಿದೆ. ಊರಲ್ಲಾದರೆ ಬಟ್ಟೆಯಲ್ಲಿ ಕಟ್ಟಿ ಒಲೆಯ ಮಗ್ಗುಲಿಗೆ ಇಟ್ಟರೆ ಮರುದಿನಕ್ಕೆ ಬಿಳಿ ಮೂಗು ಕಾಣುತ್ತದೆ. ಇಲ್ಲಿ ಎರಡು ದಿನವಾದರೂ ಗಪ್‌ಚಿಪ್. ಮಗಳು ನೋಡಿ, “ಅವ್ವಾ, ಬಿಸಿನೀರಿನ ಟ್ಯಾಂಕಿನ ಕಪಾಟಿನ್ಯಾಗ ಇಡು, ಅಲ್ಲೆ ಬೆಚ್ಚಗಿರ್ತದ” ಎಂದಳು. ಇಟ್ಟೆ. ರಾತ್ರಿ ಎರಡು ಗಂಟೆಗೆ ಮಗು ಎದ್ದಾಗ ನಾನೂ ಎದ್ದು ಗಂಟಿನೊಳಗೆ ಕೈ ತೂರಿಸಿದೆ. ಒಳಗೆ ಬಿಸಿ ಇತ್ತು. ಕಪಾಟಿನ ಬಿಸಿಗಿಂತ ಒಂದು ಗುಟುಕು ಹೆಚ್ಚು. ಕಾಳುಗಳು ಉಸಿರಾಡುತ್ತಿದ್ದವು, ಆ ಉಸಿರಿನ ಬಿಸಿ ಅದು. ಬೆಳಿಗ್ಗೆ ಬಿಚ್ಚಿದರೆ ಬಟ್ಟೆಯ ನೂಲಿಗೆಲ್ಲ ಬೇರು ಕಚ್ಚಿಕೊಂಡಿತ್ತು.

ರೈತರಿಗೆ ಹೇಳಿದಾಗ ಅವರ ಕಣ್ಣು ಅರಳಿತು. ಅದನ್ನೇ ನಾವೂ ಮಾಡುವುದು ಎಂದರು. ಇದೇ ಸೀಮೆಯ ಗ್ರೇಟ್ ರೈಬರ್ಗ್ ಹಳ್ಳಿಯಲ್ಲಿ, ದೂರದ ವಾರ್‌ಮಿನ್‌ಸ್ಟರ್‌ನ 1855ರ ಕಟ್ಟಡದಲ್ಲಿ ಈಗಲೂ ಹಳೇ ಪದ್ಧತಿಯಲ್ಲಿ ಬಾರ್ಲಿಯನ್ನು ನೆನೆಸಿ ನೆಲದ ಮೇಲೆ ಹರವುತ್ತಾರೆ. ನೆನೆಸುವಾಗ ಒಂದೇ ಸಮನೆ ನೀರಿನಲ್ಲಿ ಇಡುವುದಿಲ್ಲ. ನಡುನಡುವೆ ನೀರು ಬಸಿದು ಗಾಳಿ ಕೊಡುತ್ತಾರೆ, ಇಲ್ಲದಿದ್ದರೆ ಕಾಳು ಉಸಿರುಕಟ್ಟಿ ಸಾಯುತ್ತದೆ. ಒಣಗಿದ್ದಾಗ ನೂರಕ್ಕೆ ಹನ್ನೆರಡರಷ್ಟಿದ್ದ ತೇವ ನಲವತ್ತೈದರ ಹತ್ತಿರ ಬಂದಾಗ ನೆಲಕ್ಕೆ ಸುರಿಯುತ್ತಾರೆ. ನಾಲ್ಕೈದು ದಿನ ಹಗಲು ರಾತ್ರಿ ಮಗುಚುತ್ತಾರೆ. ಮಗುಚದಿದ್ದರೆ ಅದೇ ಉಸಿರಿನ ಬಿಸಿಗೆ ಬೆಂದು, ಬೇರಿಗೆ ಬೇರು ಹೆಣೆದು ಚಾಪೆಯಾಗುತ್ತದೆ. ಹದ ನೋಡುವುದು ಕೈಯಿಂದ. ಕಾಳನ್ನು ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಹೊಸಕಿದರೆ ಒಳಗಿನದು ಸುಣ್ಣದ ಪುಡಿಯ ಹಾಗೆ ನುಣ್ಣಗೆ ಹರಡಬೇಕು.

ಆ ನುಣುಪು ಹೇಗೆ ಬಂತು ಎಂಬುದು ನನಗೆ ಗೊತ್ತಿದ್ದ ಪಾಠವೇ. ಕಾಳಿನ ಬಹುಪಾಲು ಪಿಷ್ಟ ತುಂಬಿದ ಕೋಶಗಳು, ಅವು ಆಗಲೇ ಜೀವ ಬಿಟ್ಟವು. ಅಮ್ಮ ಕಟ್ಟಿಕೊಟ್ಟ ಬುತ್ತಿ ಅದು. ಜೀವ ಇರುವುದು ಒಂದು ಮೂಲೆಯ ಮೊಳಕೆಯಲ್ಲಿ, ಮತ್ತೆ ಸಿಪ್ಪೆಯ ಕೆಳಗೆ ಸುತ್ತಲೂ ಹಾಸಿಕೊಂಡ ತೆಳು ಪದರದಲ್ಲಿ. ನೀರು ತಾಗಿದ ಮೊಳಕೆ ಆ ಪದರಕ್ಕೆ ಒಂದು ಸಂದೇಶ ಕಳಿಸುತ್ತದೆ, ಪದರ ಕಿಣ್ವಗಳನ್ನು ಸುರಿದು ಬುತ್ತಿಯ ಗಂಟು ಬಿಚ್ಚುತ್ತದೆ. ಆ ಸಂದೇಶದ ಹೆಸರು ಜಿಬ್ಬರೆಲಿನ್. ಅದು ಮೊದಲು ಸಿಕ್ಕಿದ್ದು ಭತ್ತದ ಗದ್ದೆಯಲ್ಲಿ. ಜಪಾನಿನಲ್ಲಿ ಕೆಲವು ಭತ್ತದ ಸಸಿಗಳು ರೋಗ ತಗುಲಿ ಹುಚ್ಚು ಹಿಡಿದಂತೆ ಎತ್ತರ ಬೆಳೆದು ಬೀಳುತ್ತಿದ್ದವು. ಅದಕ್ಕೆ ಒಂದು ಶಿಲೀಂಧ್ರ ಸ್ರವಿಸುವ ರಸ ಕಾರಣ ಎಂದು 1926ರಲ್ಲಿ ಕುರೊಸಾವ ತೋರಿಸಿದರು. ಅದೇ ರಸ ಬಾರ್ಲಿಯ ಪಿಷ್ಟ ಕರಗುವಂತೆ ಮಾಡುತ್ತದೆ ಎಂದು 1960ರಲ್ಲಿ ಜಪಾನಿನ ಯೋಮೊ, ಆಸ್ಟ್ರೇಲಿಯಾದ ಪೇಲೆಗ್ ಬೇರೆ ಬೇರೆಯಾಗಿ ಕಂಡುಕೊಂಡರು. ಭತ್ತದ ರೋಗ, ಬಾರ್ಲಿಯ ಮೊಳಕೆ, ನನ್ನ ಗಂಟಿನ ರಾಗಿ, ಮೂರೂ ಒಂದೇ ಮಾತಿನಲ್ಲಿ ಬೆಸೆದುಕೊಂಡಿದ್ದವು.

ಮೊಳಕೆ ಬಂದ ರಾಗಿಯನ್ನು ನೆರಳಲ್ಲಿ ಒಣಗಿಸಿ, ಬೇರು ತಿಕ್ಕಿ ತೂರಿ, ಸಣ್ಣ ಉರಿಯಲ್ಲಿ ಹದವಾಗಿ ಹುರಿದೆ. ಉರಿ ಹೆಚ್ಚಾದರೆ ಕಿಣ್ವಗಳು ಸಾಯುತ್ತವೆ. ಮೊಳಕೆ ಬರದ ರಾಗಿಯ ಗಂಜಿ ಕುದಿಸಿದರೆ ಗಟ್ಟಿಯಾಗಿ ಕೂರುತ್ತದೆ, ಮೊಳಕೆಯ ಹಿಟ್ಟಿನದು ತೆಳ್ಳಗೆ ಹರಿಯುತ್ತದೆ, ತುಸು ಸಿಹಿ. ಅದೇ ಬಟ್ಟಲಲ್ಲಿ ಹೆಚ್ಚು ಹಿಟ್ಟು ಹಾಕಬಹುದು, ಸಣ್ಣ ಹೊಟ್ಟೆಗೆ ಹೆಚ್ಚು ಕಸುವು ಸೇರುತ್ತದೆ. ನಮ್ಮ ಅಜ್ಜಿಯರು ಕಿಣ್ವದ ಹೆಸರು ಕೇಳಿದವರಲ್ಲ. ಆದರೂ ಜೀವವನ್ನು ಎಷ್ಟು ದೂರ ಬಿಡಬೇಕು, ಎಲ್ಲಿ ನಿಲ್ಲಿಸಬೇಕು ಎಂಬುದು ಅವರ ಕೈಗೆ ಗೊತ್ತಿತ್ತು. ಹಾರ್ಲಿಕ್ಸ್ ಡಬ್ಬಿಯ ಮಾಲ್ಟೂ ಇದೇ ಉಪಾಯದ್ದು.

ಹೊರಡುವುದಕ್ಕೆ ಮೂರು ದಿನವಿದ್ದಾಗ ರೈತರು ಹೊಲದಲ್ಲಿ ಓಡಾಡುತ್ತಿದ್ದರು. ನನ್ನನ್ನು ಕಂಡು ಕೈಮಾಡಿ ಕರೆದರು. ಬೇಲಿಯ ಗೇಟು ದಾಟಿ ಮೊದಲ ಸಲ ಹೊಲದೊಳಗೆ ಕಾಲಿಟ್ಟೆ. ಹೊರನೋಟಕ್ಕೆ ಬರೀ ಹುಲ್ಲು, ದಟ್ಟ ಹಸಿರು, ಮೊಣಕಾಲಿನ ಕೆಳಗೇ ಇತ್ತು. ಅವರು ಒಂದು ಗಿಡ ಕಿತ್ತು ಮಣ್ಣು ಕೊಡವಿ, ನಡುವಿನ ದೊಡ್ಡ ಕುಡಿಯನ್ನು ಹಿಡಿದು, ಜೇಬಿನಿಂದ ಚಾಕು ತೆಗೆದು ಬುಡದಿಂದ ಉದ್ದಕ್ಕೆ ಸೀಳಿದರು. ಎಲೆಯೊಳಗೆ ಎಲೆ, ಅದರೊಳಗೆ ಮತ್ತೊಂದು, ಎಳೆಯದಾಗುತ್ತ ಬಿಳುಪಾಗುತ್ತ ಹೋಗುತ್ತಿತ್ತು. ಬೇರಿನಿಂದ ಒಂದು ಬೆರಳಗಲ ಮೇಲೆ ಚಾಕುವಿನ ಮೊನೆ ನಿಂತಿತು. ಮಸೂರ ಕೊಟ್ಟು ನೋಡಿ ಎಂದರು.

ಮೊದಲು ಏನೂ ಕಾಣಲಿಲ್ಲ. ಉಸಿರು ಬಿಗಿಹಿಡಿದು ಮಸೂರವನ್ನು ಹತ್ತಿರ ತಂದೆ. ಗಾಜಿನ ಹಾಗೆ ತಿಳಿಯಾದ, ಒಂದು ರವೆಯ ಕಾಳಿಗಿಂತ ತುಸು ಉದ್ದನೆಯ ವಸ್ತು. ಅದರ ಎರಡೂ ಬದಿಗೆ ಉಬ್ಬುಗಳು, ಒಂದರ ಮೇಲೊಂದು, ಎಡಕ್ಕೊಂದು ಬಲಕ್ಕೊಂದು, ಬಿಗಿಯಾಗಿ ಹೆಣೆದ ಜಡೆಯ ತುದಿಯ ಹಾಗೆ. ತೆನೆ. ಈ ಉಬ್ಬುಗಳಲ್ಲಿ ಒಂದೊಂದೂ ಮುಂದೆ ಮೂರು ಹೂಗಳ ಜಾಗ, ಮ್ಯಾರಿಸ್ ಆಟರ್‌ನಂಥ ಎರಡು ಸಾಲಿನ ಬಾರ್ಲಿಯಲ್ಲಿ ನಡುವಿನ ಒಂದೇ ಕಾಳಾಗುತ್ತದೆ. ತೆನೆಯಲ್ಲಿ ಕಾಳಿಗೆ ಎಷ್ಟು ಜಾಗ ಎಂಬುದು ಈ ದಿನಗಳಲ್ಲೇ ನಿಂತುಬಿಡುತ್ತದೆ, ಆಮೇಲೆ ಹೆಚ್ಚುವುದಿಲ್ಲ. ಡಿಸೆಂಬರಿನಲ್ಲಿ ನಾನು ಸತ್ತಿತೆಂದು ಬಗ್ಗಿ ನೋಡಿದ ಗಿಡ, ಆ ಇಬ್ಬನಿಯ ಕೆಳಗೆ, ಒಂದೊಂದೇ ದಿನದ ಚಳಿಯನ್ನು ಬರೆದುಕೊಳ್ಳುತ್ತಿತ್ತು. ಬರೆದು ಮುಗಿದ ಮೇಲೆ ಯಾರಿಗೂ ಹೇಳದೆ ಎಲೆ ಮಾಡುವುದನ್ನು ನಿಲ್ಲಿಸಿ ತೆನೆಗೆ ತೊಡಗಿತ್ತು.

ನನಗೆ ಮಾತು ಹೊರಡಲಿಲ್ಲ. ಅವರೂ ಸುಮ್ಮನೆ ನಿಂತಿದ್ದರು. ಐವತ್ತು ವರ್ಷದಿಂದ ಪ್ರತಿ ಮಾರ್ಚಿನಲ್ಲೂ ಎರಡು ಗಿಡ ಹೀಗೆ ಸೀಳಿ ನೋಡುತ್ತೇನೆ ಎಂದರು ಆಮೇಲೆ. ಗೊಬ್ಬರದ ಹೊತ್ತು ತಿಳಿಯಲು ಒಂದು ನೋಡಿದರೆ ಸಾಕಂತೆ. ಎರಡನೆಯದು ತಮಗಾಗಿ ನೋಡುವುದು.

ಸೀಳಿದ ಗಿಡವನ್ನು ಮನೆಗೆ ತಂದು ಮಗಳಿಗೆ ತೋರಿಸಿದೆ. ಮಗುವಿನ ಕೈಗೂ ಒಂದು ಎಲೆ ಕೊಟ್ಟೆ, ಬಾಯಿಗೆ ಹಾಕಿಕೊಂಡಳು. “ಏನವ್ವಾ ನೀ, ಹೊಲದಾಗಿಂದು ಕೂಸಿನ ಬಾಯಾಗ!” ಎಂದು ಮಗಳು ಕಸಿದುಕೊಂಡಳು.

ನಾನು ಊರಿಗೆ ಮರಳಿದ ಮೇಲೆ, ಮೇ ಕೊನೆಗೆ ಮಗಳಿಂದ ಫೋಟೊ ಬಂತು. ಹೊಲದ ತುಂಬ ತೆನೆ, ತೆನೆಗೆಲ್ಲ ಗೇಣುದ್ದ ಮೀಸೆ, ಗಾಳಿಗೆ ಒಂದೇ ಕಡೆ ಬಾಗಿ ರೇಷ್ಮೆಯ ಹಾಗೆ ಮಿನುಗುತ್ತಿತ್ತು. ಫೋಟೊದ ಮೂಲೆಯಲ್ಲಿ ಮೊಮ್ಮಗಳ ಟೊಪಗಿ, ಅದರ ಕೆಳಗೆ ರಾಗಿ ಸರಿ ಮೆತ್ತಿದ ಗಲ್ಲ. ಜುಲೈ ಮೂರನೇ ವಾರ ಕಟಾವು ಮುಗಿಯಿತು. ಕೊಯ್ದ ಕೂಡಲೇ ನೆನೆಸಿದರೆ ಈ ಕಾಳು ಮೊಳೆಯುವುದಿಲ್ಲ, ಕೆಲವು ವಾರ ಉಗ್ರಾಣದಲ್ಲಿ ಮಲಗಬೇಕು. ಮೊನ್ನೆ ಸೆಪ್ಟೆಂಬರಿನಲ್ಲಿ ಕೂರಿಗೆ ಮತ್ತೆ ಬಂತಂತೆ, ಕಿಟಕಿಯೆದುರಿನ ಹೊಲಕ್ಕಲ್ಲ, ರಸ್ತೆಯಾಚೆಯದಕ್ಕೆ. ಕಿಟಕಿಯೆದುರಿನದಕ್ಕೆ ವಸಂತ ಬಂದ ಮೇಲೆ ಸಕ್ಕರೆ ಬೀಟ್ ಹಾಕುತ್ತಾರೆ. ಆಚೆ ಬಿತ್ತಿದ್ದು ಅದೇ ಮ್ಯಾರಿಸ್ ಆಟರ್. ಆ ಬೀಜ ಇನ್ನೂ ಒಂದು ದಿನದ ಚಳಿಯನ್ನೂ ಕಂಡಿಲ್ಲ.